ಯಾರ ಮಾತು, ಎಲ್ಲಿಗೆ ಮುಗಿಯಿತು?

ಮಕ್ಕಳೇ, ಈ ಎರಡು ವಾಕ್ಯಗಳನ್ನು ಒಮ್ಮೆ ಗಟ್ಟಿಯಾಗಿ ಓದಿ.

ಗುಂಡ ನಾನು ದಡ್ಡ ಎಂದು ಹೇಳಿದ.

ಗುಂಡ, “ನಾನು ದಡ್ಡ” ಎಂದು ಹೇಳಿದ.

ಕಿವಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಕಣ್ಣಿಗೆ ಮಾತ್ರ ಬೇರೆ ಬೇರೆ. ಎರಡನೆಯ ವಾಕ್ಯದಲ್ಲಿ ದಡ್ಡ ಯಾರೆಂಬ ಅನುಮಾನವೇ ಇಲ್ಲ. ಗುಂಡನೇ! ಪಾಪ, ತಾನೇ ಒಪ್ಪಿಕೊಂಡಿದ್ದಾನೆ. ಮೊದಲನೆಯದರಲ್ಲಿ ಹಾಗಲ್ಲ. ಅಲ್ಲಿ ದಡ್ಡ ಗುಂಡನಾಗಿರಬಹುದು, ಈ ಅಂಕಣ ಬರೆಯುತ್ತಿರುವ ತಾತನೂ ಆಗಿರಬಹುದು. ಒಬ್ಬರ ದಡ್ಡತನ ಇನ್ನೊಬ್ಬರ ತಲೆಗೆ ಹೋಗದಂತೆ ತಡೆಯುತ್ತಿರುವುದು ಆ ಪುಟ್ಟ ಕೊಕ್ಕೆಗಳು, ಅಷ್ಟೇ.

ಈ ವಾರ ಆ ಕೊಕ್ಕೆಗಳ ವಿಚಾರ. ಅರೆಕೆರೆಯ ನಮ್ಮ ಬಡಾವಣೆಯ ಮಕ್ಕಳು ಭಾನುವಾರ ಬೆಳಿಗ್ಗೆ ತಾವು ಬರೆದ ಕಥೆಗಳನ್ನು ನನ್ನ ಹತ್ತಿರ ತರುತ್ತಾರೆ. ನಾನು ಕನ್ನಡ ಪಂಡಿತನಲ್ಲ. ಓದಿದ್ದು ಬಿ.ಕಾಂ., ಕೆಲಸ ಮಾಡಿದ್ದು ಬ್ಯಾಂಕಿನ ಕೌಂಟರಿನ ಹಿಂದೆ. ಆದರೆ ಲೆಡ್ಜರ್ ನೋಡಿ ನೋಡಿ ಪಳಗಿದ ಕಣ್ಣಿಗೆ ತಾಳೆಯಾಗದ್ದು ಬೇಗ ಕಾಣುತ್ತದೆ. ಮೊನ್ನೆ ಒಬ್ಬ ಹುಡುಗ ಪುಣ್ಯಕೋಟಿಯ ಕಥೆಯನ್ನು ತನ್ನದೇ ಗದ್ಯದಲ್ಲಿ ಬರೆದು ತಂದಿದ್ದ. ಕಥೆ ಚೆನ್ನಾಗಿಯೇ ಇತ್ತು. ಆದರೆ ಎಲ್ಲಿಯೂ ಒಂದು ಚಿಹ್ನೆ ಇಲ್ಲ. ಹುಲಿಯ ಮಾತು ಮುಗಿಯುವ ಮೊದಲೇ ಹಸುವಿನ ಮಾತು ಶುರುವಾಗಿ, ಒಂದು ಕಡೆಯಂತೂ ಪುಣ್ಯಕೋಟಿಯೇ ಹುಲಿಯನ್ನು ತಿನ್ನಲು ಹೊರಟಂತೆ ಕಾಣುತ್ತಿತ್ತು! ಮಾತಿಗೆ ತಪ್ಪದ ಹಸುವಿನ ಕಥೆಯಲ್ಲೇ ಮಾತು ಯಾರದೆಂದು ತಿಳಿಯದಿದ್ದರೆ ಹೇಗೆ?

ಮೊದಲು ಹೆಸರು ತಿಳಿದುಕೊಳ್ಳೋಣ. ಜೋಡಿ ಕೊಕ್ಕೆ, ಅಂದರೆ “ ” ಇದಕ್ಕೆ ನಮ್ಮ ವ್ಯಾಕರಣದಲ್ಲಿ ಉದ್ಧರಣ ಚಿಹ್ನೆ ಎನ್ನುತ್ತಾರೆ. ಒಂಟಿ ಕೊಕ್ಕೆ ‘ ’ ಇದಕ್ಕೆ ವಾಕ್ಯವೇಷ್ಟನ ಚಿಹ್ನೆ. ಹೆಸರು ಕೇಳಿ ಹೆದರಬೇಡಿ. ವೇಷ್ಟನ ಎಂದರೆ ಸುತ್ತುವುದು, ಹೊದಿಕೆ. ಉದ್ಧರಣ ಎಂದರೆ ಎತ್ತಿ ತೆಗೆಯುವುದು. ನಿಮ್ಮ ಮನೆಯಲ್ಲಿ ಅಜ್ಜನೋ ಅಪ್ಪನೋ ಸಂಧ್ಯಾವಂದನೆ, ಪೂಜೆ ಮಾಡುವವರಾದರೆ ಪಂಚಪಾತ್ರೆಯ ಪಕ್ಕದಲ್ಲಿ ಒಂದು ಪುಟ್ಟ ಚಮಚ ಇರುತ್ತದಲ್ಲ, ಅದನ್ನು ಏನೆನ್ನುತ್ತಾರೆ? ಉದ್ಧರಣೆ! ಅದೇ ಪದ. ಪಾತ್ರೆಯಿಂದ ನೀರನ್ನು ಎತ್ತಿ ಅಂಗೈಗೆ ಬಿಡುವ ಚಮಚ. ಈ ಚಿಹ್ನೆಯ ಕೆಲಸವೂ ಅದೇ. ಇನ್ನೊಬ್ಬರ ಬಾಯಿಂದ ಮಾತನ್ನು ಎತ್ತಿ ನಮ್ಮ ಬರಹಕ್ಕೆ ಬಿಡುವುದು. ನಡುವೆ ಚೆಲ್ಲಬಾರದು, ಬೇರೆ ನೀರು ಬೆರೆಸಬಾರದು.

ಹಾಗಾದರೆ ಈ ಚಿಹ್ನೆ ಬರುವ ಮುಂಚೆ ಕನ್ನಡದವರು ಏನು ಮಾಡುತ್ತಿದ್ದರು? ನಮ್ಮ ತಾಳೆಗರಿಗಳಲ್ಲಿ ಪದಗಳ ನಡುವೆ ಜಾಗವನ್ನೇ ಬಿಡುತ್ತಿರಲಿಲ್ಲ, ಇನ್ನು ಕೊಕ್ಕೆ ಎಲ್ಲಿಂದ ಬರಬೇಕು! ಆದರೂ ಓದುವವರಿಗೆ ದಾರಿ ಇತ್ತು. ಕನ್ನಡಕ್ಕೆ ಹುಟ್ಟಿನಿಂದಲೇ ಬಂದಿರುವ ಒಂದು ಪದ ಆ ಕೆಲಸ ಮಾಡುತ್ತಿತ್ತು: ‘ಎಂದು’. ಆಡುಮಾತಿನಲ್ಲಿ ‘ಅಂತ’. ‘ಎಂದು’ ಬಂತೆಂದರೆ ಅಲ್ಲಿಗೆ ಆಡಿದವನ ಮಾತು ಮುಗಿಯಿತು, ಇನ್ನು ಮುಂದೆ ಕಥೆ ಹೇಳುವವನ ಮಾತು ಎಂದರ್ಥ. ಇಂಗ್ಲಿಷಿನವರಿಗೆ ಕೊಕ್ಕೆ ಇಲ್ಲದಿದ್ದರೆ ಆಗುವಷ್ಟು ತೊಂದರೆ ನಮಗೆ ಆಗದಿರುವುದು ಇದರಿಂದಲೇ. ಆದರೆ ಒಂದು ಕೊರತೆ ಇದೆ, ಗಮನಿಸಿ. ‘ಎಂದು’ ಮುಚ್ಚುವ ಬಾಗಿಲು ಮಾತ್ರ. ಮಾತು ಎಲ್ಲಿ ಮುಗಿಯಿತೆಂದು ಅದು ಹೇಳುತ್ತದೆ, ಎಲ್ಲಿ ಶುರುವಾಯಿತೆಂದು ಹೇಳುವುದಿಲ್ಲ. ಗುಂಡನ ಗೊಂದಲ ಹುಟ್ಟಿದ್ದು ಅಲ್ಲೇ.

ಹಿಂದಿನವರಿಗೆ ಇನ್ನೊಂದು ಉಪಾಯವೂ ಗೊತ್ತಿತ್ತು. ವಚನಗಳ ಕೊನೆಯಲ್ಲಿ ಅಂಕಿತ ಬರುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೀರಿ. ಕೂಡಲಸಂಗಮದೇವ ಎಂದು ಬಂದರೆ ಅದು ಬಸವಣ್ಣನವರ ಮಾತು, ಗುಹೇಶ್ವರ ಎಂದರೆ ಅಲ್ಲಮಪ್ರಭುಗಳದು, ಚನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿಯದು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಎಂಬುವರು ಬಿಡಿಬಿಡಿಯಾಗಿದ್ದ ವಚನಗಳನ್ನು ಜೋಡಿಸಿ, ಶರಣರು ಎದುರುಬದುರು ಕುಳಿತು ಸಂವಾದ ಮಾಡುತ್ತಿರುವಂತೆ ಒಂದು ಗ್ರಂಥವನ್ನೇ ಕಟ್ಟಿದರು. ಅದೇ ಶೂನ್ಯಸಂಪಾದನೆ. ಅವರ ನಂತರ ಗೂಳೂರು ಸಿದ್ಧವೀರಣ್ಣನವರೂ ಸೇರಿದಂತೆ ಇನ್ನೂ ಕೆಲವರು ಅದನ್ನು ಬೆಳೆಸಿ ಮತ್ತೆ ಕಟ್ಟಿದರು. ಎಷ್ಟೊಂದು ಜನ ಮಾತಾಡುವ ಆ ಗ್ರಂಥದಲ್ಲಿ ಯಾರ ಮಾತು ಯಾರದೆಂದು ಕಲಸಿಹೋಗುವುದಿಲ್ಲ. ಪ್ರತಿಯೊಬ್ಬರ ಮಾತಿನ ಕೊನೆಯಲ್ಲೂ ಅವರವರ ಅಂಕಿತ, ಚೆಕ್ಕಿನ ಕೆಳಗಿನ ಸಹಿಯ ಹಾಗೆ! ಬ್ಯಾಂಕಿನವನಿಗೆ ಇದಕ್ಕಿಂತ ಸಂತೋಷ ಕೊಡುವ ಸಾಹಿತ್ಯ ಬೇರೆ ಇಲ್ಲ ಎಂದು ನಾನು ತಮಾಷೆಗೆ ಹೇಳುವುದುಂಟು.

ಆಮೇಲೆ ಅಚ್ಚಿನ ಕಾಲ ಬಂತು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು ‘ಮಂಗಳೂರ ಸಮಾಚಾರ’ ಎಂಬ ಕನ್ನಡದ ಮೊದಲ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ತಂದರು. ಪತ್ರಿಕೆ, ಪಠ್ಯಪುಸ್ತಕ, ಕಾದಂಬರಿ ಎಂದು ಅಚ್ಚು ಹಬ್ಬಿದಂತೆಲ್ಲ ಇಂಗ್ಲಿಷ್ ಓದಿದವರ ಕೈಯಿಂದ ಅಲ್ಪವಿರಾಮ, ಪ್ರಶ್ನೆಯ ಚಿಹ್ನೆ, ಈ ಕೊಕ್ಕೆ ಎಲ್ಲವೂ ಕನ್ನಡಕ್ಕೆ ಬಂದು ಸೇರಿಕೊಂಡವು. ಬಂದ ಸೊಸೆ ಮನೆಗೆ ಹೊಂದಿಕೊಂಡ ಹಾಗೆ ಹೊಂದಿಕೊಂಡವು ಎನ್ನಬೇಕು. ಏಕೆಂದರೆ ಇಂಗ್ಲಿಷಿನ ರೂಢಿಯೆಲ್ಲ ಇಲ್ಲಿ ಹಾಗೆಹಾಗೆಯೇ ನಡೆಯುವುದಿಲ್ಲ. ಇಂಗ್ಲಿಷ್ ಮಾಧ್ಯಮದ ಮಕ್ಕಳು ಎಡವುವುದು ಇಲ್ಲಿಯೇ, ಸ್ವಲ್ಪ ನಿಧಾನವಾಗಿ ನೋಡೋಣ.

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಆದ್ದರಿಂದ ಆಡಿದ ಮಾತು ಸಾಮಾನ್ಯವಾಗಿ ವಾಕ್ಯದ ಹೊಟ್ಟೆಯೊಳಗೆ ಕೂರುತ್ತದೆ. ಅಮ್ಮ, “ಊಟಕ್ಕೆ ಬಾ” ಎಂದು ಕರೆದಳು. ನೋಡಿ, ‘ಅಮ್ಮ’ ಆದ ಮೇಲೆ ಒಂದು ಅಲ್ಪವಿರಾಮ. ‘ಬಾ’ ಆದ ಮೇಲೆ ಪೂರ್ಣವಿರಾಮ ಬೇಡ, ಅಲ್ಪವಿರಾಮವೂ ಬೇಡ, ಏಕೆಂದರೆ ವಾಕ್ಯ ಇನ್ನೂ ಮುಗಿದಿಲ್ಲ. ‘ಎಂದು’ ತಾನೇ ಗಂಟು ಹಾಕಿಕೊಂಡು ಮುಂದೆ ಕರೆದೊಯ್ಯುತ್ತದೆ. ಮಾತಿನೊಳಗೆ ಎರಡು ವಾಕ್ಯ ಇದ್ದರೆ? “ಊಟ ಆರಿಹೋಗ್ತಿದೆ. ಬೇಗ ಬಾ” ಎಂದಳು ಅಮ್ಮ. ಮೊದಲನೆಯದಕ್ಕೆ ಅದರ ಪೂರ್ಣವಿರಾಮ ಇರಲಿ. ಕೊನೆಯದು ತನ್ನ ಪೂರ್ಣವಿರಾಮವನ್ನು ದೊಡ್ಡ ವಾಕ್ಯಕ್ಕೆ ಬಿಟ್ಟುಕೊಡುತ್ತದೆ.

ಪ್ರಶ್ನೆ ಮತ್ತು ಆಶ್ಚರ್ಯದ ಚಿಹ್ನೆಗಳು ಮಾತ್ರ ಬಿಟ್ಟುಕೊಡುವ ಪೈಕಿಯವಲ್ಲ. ಅವು ಆಡಿದವರ ದನಿಯನ್ನು ತೋರಿಸುವುದರಿಂದ ಕೊಕ್ಕೆಯ ಒಳಗೇ ಇರಬೇಕು. “ಹೋಂವರ್ಕ್ ಆಯ್ತಾ?” ಎಂದು ಅಪ್ಪ ಕೇಳಿದರು. “ಅಯ್ಯೋ, ಹಲ್ಲಿ!” ಎಂದು ಪುಟ್ಟಿ ಕಿರುಚಿದಳು. ಪ್ರಶ್ನೆ ಆಡಿದವರದ್ದಲ್ಲದೆ ನಮ್ಮದಾಗಿದ್ದರೆ ಚಿಹ್ನೆ ಹೊರಗೆ ಹೋಗುತ್ತದೆ: ಅಪ್ಪ ನಿಜವಾಗಿಯೂ “ಟಿ.ವಿ. ನೋಡು” ಎಂದರಾ? ಇಲ್ಲಿ ಕೇಳುತ್ತಿರುವುದು ಅಪ್ಪನಲ್ಲ, ನಂಬಲಾಗದ ನಾವು.

ಇನ್ನು ಸಂಧಿ. ಇದು ಕನ್ನಡಕ್ಕೇ ಇರುವ ತೊಡಕು, ಇಂಗ್ಲಿಷ್ ಪುಸ್ತಕಗಳಲ್ಲಿ ಇದರ ಸುದ್ದಿ ಸಿಗುವುದಿಲ್ಲ. ಬರುತ್ತೇನೆ, ಎಂದು ಎರಡೂ ಸೇರಿದರೆ ಲೋಪಸಂಧಿಯಾಗಿ ‘ಬರುತ್ತೇನೆಂದು’ ಆಗುತ್ತದೆ. ಈಗ ಮುಚ್ಚುವ ಕೊಕ್ಕೆಯನ್ನು ಎಲ್ಲಿ ಹಾಕುತ್ತೀರಿ? ‘ಬರುತ್ತೇನೆ’ಯ ಕೊನೆಯೂ ‘ಎಂದು’ವಿನ ಮೊದಲೂ ಒಂದೇ ಅಕ್ಷರದೊಳಗೆ ಕರಗಿಹೋಗಿವೆ. ಅಕ್ಷರವನ್ನು ಸೀಳಿ ಕೊಕ್ಕೆ ಹಾಕಲು ಸಾಧ್ಯವಿಲ್ಲ. ಹೀಗಾಗಿ ಲೆಕ್ಕ ಸರಳ. ಕೊಕ್ಕೆ ಬೇಕೆಂದರೆ ಸಂಧಿ ಬಿಡಿಸಿ: “ಬರುತ್ತೇನೆ” ಎಂದ. ಸಂಧಿ ಬೇಕೆಂದರೆ ಕೊಕ್ಕೆ ಬಿಡಿ: ಬರುತ್ತೇನೆಂದ. ಎರಡೂ ಬೇಕೆಂದು ಹಟ ಮಾಡಿದವರ ಬರಹಗಳನ್ನು ನಾನು ನೋಡಿದ್ದೇನೆ, ಕಣ್ಣಿಗೆ ಕಲ್ಲು ಸಿಕ್ಕಿದಂತಾಗುತ್ತದೆ.

ಮಾತಾಡುವವರು ಬದಲಾದಾಗ ಹೊಸ ಸಾಲಿಗೆ ಹೋಗಿ. ಒಂದೇ ಸಾಲಿನಲ್ಲಿ ಹುಲಿಯನ್ನೂ ಹಸುವನ್ನೂ ಕಟ್ಟಬೇಡಿ. ಒಬ್ಬರೇ ಎರಡು ಮೂರು ಪ್ಯಾರಾ ಮಾತಾಡಿದರೆ ಪ್ರತಿ ಪ್ಯಾರಾದ ಮೊದಲಲ್ಲೂ ಕೊಕ್ಕೆ ತೆರೆಯಿರಿ, ಕೊನೆಯ ಪ್ಯಾರಾದ ಕೊನೆಯಲ್ಲಿ ಮಾತ್ರ ಮುಚ್ಚಿ. ಮಾತಿನೊಳಗೆ ಇನ್ನೊಬ್ಬರ ಮಾತು ಬಂದರೆ ಒಳಗಿನದಕ್ಕೆ ಒಂಟಿ ಕೊಕ್ಕೆ: “ಮೇಷ್ಟ್ರು ‘ನಾಳೆ ರಜೆ’ ಅಂದ್ರು ಅಮ್ಮ” ಎಂದ ಗುಂಡ. ನಾಟಕ ಬರೆಯುವಾಗ ಇದೇನೂ ಬೇಡ. ಟಿ.ಪಿ. ಕೈಲಾಸಂ ಅವರ ನಾಟಕಗಳನ್ನು ತೆರೆದು ನೋಡಿ, ಪಾತ್ರದ ಹೆಸರು, ಅದರ ಮುಂದೆ ಮಾತು, ಅಷ್ಟೇ. ಮೊಬೈಲಿನಲ್ಲಿ ತೆರೆಯುವ ಕೊಕ್ಕೆಯೂ ಮುಚ್ಚುವ ಕೊಕ್ಕೆಯೂ ಒಂದೇ ಥರ ನೆಟ್ಟಗೆ ಮೂಡುತ್ತವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕೈಬರಹದಲ್ಲಿ ಮಾತ್ರ ತೆರೆಯುವುದು ಇಂಗ್ಲಿಷಿನ 66ರ ಹಾಗೆ, ಮುಚ್ಚುವುದು 99ರ ಹಾಗೆ ಇರಲಿ.

ತೆರೆದವರು ಮುಚ್ಚುವುದನ್ನು ಮರೆಯುವುದು ಬಹಳ. ಈ ವಿಷಯದಲ್ಲಿ ನನಗೆ ನನ್ನ ಹಳೆಯ ಕೆಲಸ ನೆನಪಾಗುತ್ತದೆ. ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆದ ಮೇಲೆ ‘ಮಾತ್ರ’ ಎಂದು ಸೇರಿಸುತ್ತೇವೆ. ‘ಐದು ಸಾವಿರ ರೂಪಾಯಿ ಮಾತ್ರ’. ಆ ಪದಕ್ಕೆ ಬೆಲೆ ಏನೂ ಇಲ್ಲ, ಅದರಿಂದ ಒಂದು ಪೈಸೆ ಹೆಚ್ಚುವುದೂ ಇಲ್ಲ. ಆದರೆ ಅದು ಇರುವುದರಿಂದ ನಿಮ್ಮ ಬರಹದ ಮುಂದೆ ಬೇರೆ ಯಾರೂ ಇನ್ನೇನನ್ನೂ ಸೇರಿಸುವ ಹಾಗಿಲ್ಲ. ಮುಚ್ಚುವ ಕೊಕ್ಕೆಯೂ ಇಂಥ ‘ಮಾತ್ರ’ವೇ. ಅವರು ಆಡಿದ್ದು ಇಷ್ಟು ಮಾತ್ರ, ಮುಂದಿನದು ನನ್ನ ಮಾತು.

ಕೊಕ್ಕೆ ಬೇಡವೆನಿಸಿದರೆ ಕನ್ನಡದಲ್ಲಿ ಇನ್ನೊಂದು ಒಳ್ಳೆಯ ದಾರಿ ಇದೆ. ಸೀತೆ, “ನಾಳೆ ನಾನು ಇಲ್ಲಿಗೆ ಬರುತ್ತೇನೆ” ಎಂದಳು. ಇದನ್ನೇ, ‘ಮರುದಿನ ತಾನು ಅಲ್ಲಿಗೆ ಬರುವುದಾಗಿ ಸೀತೆ ಹೇಳಿದಳು’ ಎಂದೂ ಬರೆಯಬಹುದು. ‘ನಾನು’ ಹೋಗಿ ‘ತಾನು’ ಬಂತು, ‘ನಾಳೆ’ ಹೋಗಿ ‘ಮರುದಿನ’ ಬಂತು, ‘ಇಲ್ಲಿ’ ‘ಅಲ್ಲಿ’ಯಾಯಿತು. ಪತ್ರಿಕೆಯ ವರದಿಗಳಲ್ಲಿ ‘ಕ್ರಮ ಕೈಗೊಳ್ಳುವುದಾಗಿ ತಿಳಿಸಿದರು’ ಎಂದು ದಿನವೂ ಓದುತ್ತೀರಲ್ಲ, ಅದು ಇದೇ. ಮಾತಿನ ಸಾರ ಸೀತೆಯದು, ಪದಗಳು ನಮ್ಮವು. ‘ತಾನು’ ಎಂಬ ಈ ಪದ ಎಷ್ಟು ಉಪಕಾರಿ ನೋಡಿ. ‘ಗುಂಡ ತಾನು ದಡ್ಡನೆಂದು ಹೇಳಿದ’ ಎಂದು ಬರೆದಿದ್ದರೆ ಕೊಕ್ಕೆ ಇಲ್ಲದೆಯೂ ಈ ತಾತ ಬಚಾವ್!

ಇದೆಲ್ಲ ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ ಅಲ್ಲವೇ, ಇಷ್ಟೊಂದು ಯಾಕೆ ಎಂದು ಕೇಳುವ ಹಿರಿಯರೂ ಇದ್ದಾರೆ. ಅವರಿಗಾಗಿ ಒಂದು ಹಳೆಯ ಸಂಗತಿ. ಮೈಸೂರು ಕಡೆಯ ಒಂದು ಹಳ್ಳಿಯ ಶಾಖೆಯಲ್ಲಿ ನಾನಿದ್ದಾಗ, ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ತಮ್ಮ ಮೈದುನನ ಜೊತೆ ಬಂದರು. ಅವರಿಗೆ ಓದು ಬರಹ ಬಾರದು. ಮೈದುನ ಬರೆದು ತಂದ ಪತ್ರ, ಕೆಳಗೆ ಆ ತಾಯಿಯ ಹೆಬ್ಬೆಟ್ಟು. ಪತ್ರದ ತುಂಬ ‘ನಾನು’, ‘ನನ್ನ’. ನನ್ನ ಖಾತೆಯನ್ನು ಮುಚ್ಚಿ, ಅದರಲ್ಲಿರುವ ಹಣವನ್ನೆಲ್ಲ ನನ್ನ ಮೈದುನನಿಗೆ ಕೊಡಬೇಕಾಗಿ ಕೋರುತ್ತೇನೆ ಎಂಬ ಒಕ್ಕಣೆ. ನಮ್ಮ ಮ್ಯಾನೇಜರ್ ಹಳೆಯ ಕಾಲದವರು. ಮೈದುನ ಬೀಡಿ ಸೇದಲು ಹೊರಗೆ ಹೋದ ಸಮಯ ನೋಡಿ ಆ ತಾಯಿಯನ್ನು ಒಳಗೆ ಕರೆದು ಕೂರಿಸಿದರು.

“ಏನಮ್ಮ, ಈ ಕಾಗದದಲ್ಲಿ ಏನು ಬರೆಸಿದ್ದೀರಿ, ನೀವೇ ಹೇಳಿ.”

“ಗೊಬ್ಬರಕ್ಕೆ ಐನೂರು ರೂಪಾಯಿ ಕೊಡಿ ಅಂತ ಬರೆಸಿವ್ನಿ ಸ್ವಾಮಿ.”

“ಬೇರೇನಾದರೂ?”

“ಬೇರೇನೈತೆ ಸ್ವಾಮಿ, ಮಿಕ್ಕಿದ್ದು ಮಗಳ ಮದುವೆಗೆ ಇರ್ಲಿ.”

ಮ್ಯಾನೇಜರ್ ಆ ಪತ್ರವನ್ನು ಮಡಿಚಿ ಡ್ರಾಯರಿಗೆ ಹಾಕಿದರು. ಐನೂರು ರೂಪಾಯಿಗೆ ಫಾರಂ ತುಂಬಿಸಿ, ಎರಡು ಸಲ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಬೀಡಿ ಸೇದಲು ಹೋದ ಮೈದುನ ತಿರುಗಿ ಒಳಗೆ ಬರಲೇ ಇಲ್ಲ.

ಯೋಚಿಸಿ ನೋಡಿ. ಒಬ್ಬರು ಹೇಳಿ, ಇನ್ನೊಬ್ಬರು ಬರೆದ ಆ ಪತ್ರ ಎಂಥದ್ದು? ಮೊದಲಿಂದ ಕೊನೆಯವರೆಗೆ ಉದ್ಧರಣೆ ಎಂದು ಹೇಳಿಕೊಳ್ಳುವ ಪತ್ರ. ಕಾಣುವ ಕೊಕ್ಕೆ ಇಲ್ಲ, ಆದರೆ ‘ನಾನು’ ಎಂದು ಬರೆದ ಕ್ಷಣವೇ ಮೈದುನ ಆ ತಾಯಿಯ ಬಾಯಿಗೆ ಮಾತು ಹಾಕಿದ್ದ. ಇಂಥದ್ದು ಆಗಬಾರದೆಂದೇ ಹಳೆಯ ಕ್ರಯಪತ್ರಗಳಲ್ಲಿ ಓದಿಸಿ ಕೇಳಿ ಒಪ್ಪಿದ್ದೇನೆ ಎಂಬ ಮಾತೂ, ಕೊನೆಯಲ್ಲಿ ‘ಬಿಕ್ಕಲಂ’ ಎಂದು ಬರೆದುಕೊಟ್ಟವರ ಹೆಸರೂ ಇರುತ್ತಿತ್ತು. ಮಾತು ಒಬ್ಬರದು, ಕೈ ಇನ್ನೊಬ್ಬರದು ಎಂದು ಬೇರೆಬೇರೆಯಾಗಿ ತೋರಿಸುವ ಕ್ರಮ.

ಇನ್ನೊಂದು ‘ನಾನು’ ನಿಮ್ಮ ಮನೆಯಲ್ಲೇ ಇದೆ. ಅಮ್ಮನನ್ನು ಕೇಳಿ ಒಂದು ನೂರು ರೂಪಾಯಿಯ ನೋಟು ತೆಗೆದುಕೊಳ್ಳಿ. (ನೋಡಿ ವಾಪಸ್ ಕೊಡಬೇಕು!) ಇದನ್ನು ತಂದವರಿಗೆ ನೂರು ರೂಪಾಯಿ ಕೊಡುವುದಾಗಿ ನಾನು ಮಾತು ಕೊಡುತ್ತೇನೆ ಎಂಬ ಅರ್ಥದ ಒಕ್ಕಣೆ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಇರುತ್ತದೆ. ಆ ‘ನಾನು’ ಯಾರು? ನೋಟು ಹಿಡಿದ ನೀವಂತೂ ಅಲ್ಲ. ಕೆಳಗಿನ ಸಹಿ ನೋಡಿ, ರಿಸರ್ವ್ ಬ್ಯಾಂಕಿನ ಗವರ್ನರ್ ಅವರದು. ಶರಣರ ಅಂಕಿತದ ಹಾಗೆ ಆ ಸಹಿಯೇ ಮಾತಿನ ಒಡೆಯರನ್ನು ತೋರಿಸುತ್ತದೆ. ಒಂದು ರೂಪಾಯಿಯ ನೋಟಿನಲ್ಲಿ ಈ ಮಾತು ಇರುವುದಿಲ್ಲ. ಅದನ್ನು ಹೊರಡಿಸುವುದು ಭಾರತ ಸರ್ಕಾರ, ಸಹಿ ಹಣಕಾಸು ಕಾರ್ಯದರ್ಶಿಯವರದು. ಸಿಕ್ಕಿದರೆ ಹೋಲಿಸಿ ನೋಡಿ.

ಈಗ ನಮ್ಮ ಅರೆಕೆರೆಗೇ ಬರುತ್ತೇನೆ. ಆರನೇ ತರಗತಿಯ ಒಬ್ಬ ಹುಡುಗಿಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದರು, ನಿಮ್ಮ ಊರಿನ ಹಿರಿಯರೊಬ್ಬರನ್ನು ಮಾತಾಡಿಸಿ ಬರೆಯಿರಿ ಎಂದು. ಬನ್ನೇರುಘಟ್ಟ ರಸ್ತೆಯಲ್ಲಿ ಅರೆಕೆರೆ ಗೇಟಿನ ಹತ್ತಿರ ಹೂವು ಮಾರುವ ಅಜ್ಜಿಯನ್ನು ಮಾತಾಡಿಸಿ ಬಂದಳು. ಅಜ್ಜಿ ಹಳೇ ಊರಿನವರು, ಇಲ್ಲಿ ಅಪಾರ್ಟ್‌ಮೆಂಟುಗಳು ಏಳುವ ಮುಂಚಿನಿಂದ ಇರುವವರು. ಮಗುವಿನ ಪುಸ್ತಕದಲ್ಲಿ ಹೀಗಿತ್ತು: “ಹಿಂದೆ ನಮ್ಮ ಕೆರೆಯು ಸ್ವಚ್ಛವಾಗಿತ್ತು. ಆದ್ದರಿಂದ ನಾವೆಲ್ಲರೂ ಪರಿಸರವನ್ನು ಸಂರಕ್ಷಿಸಬೇಕು” ಎಂದು ಅಜ್ಜಿ ಹೇಳಿದರು.

ಚಿಹ್ನೆಗಳೆಲ್ಲ ಸರಿಯಾಗಿದ್ದವು. ಅಲ್ಪವಿರಾಮವೂ ತಪ್ಪಿರಲಿಲ್ಲ. ಆದರೂ ನನಗೆ ಅನುಮಾನ. ದಿನವೂ ಅದೇ ಅಜ್ಜಿಯ ಹತ್ತಿರ ಒಂದು ಮೊಳ ಕಾಕಡ ಕೊಳ್ಳುವವನು ನಾನು. ಸಂರಕ್ಷಿಸಬೇಕು ಎಂದು ಅವರು ಹೇಳಿಯಾರೇ?

“ಅಜ್ಜಿ ಹೀಗೇ ಅಂದರಾ ಪುಟ್ಟಿ?”

“ಇಲ್ಲ ತಾತ. ಅವರು ಬೇರೆ ಥರ ಮಾತಾಡ್ತಾರೆ. ಅದನ್ನ ಬರೆದರೆ ಮಿಸ್ ತಪ್ಪು ಅಂತಾರೆ.”

“ಏನಂದರು, ಹಾಗೇ ಹೇಳು ನೋಡೋಣ.”

ಹುಡುಗಿ ಸ್ವಲ್ಪ ನಾಚಿಕೊಂಡು, ಅಜ್ಜಿಯ ದನಿಯಲ್ಲೇ ಹೇಳಿದಳು: “ಎಮ್ಮೆ ವೊಡ್ಕಂಡು ಕೆರೇಗೆ ವೋಯ್ತಿದ್ವಿ ಕಣವ್ವ. ಎಮ್ಮೇನೂ ನೀರಾಗೆ, ನಾವೂ ನೀರಾಗೆ. ಈಗ ಕೆರೆ ಐತೆ, ನೀರ್ ಮುಟ್ಟಂಗಿಲ್ಲ.”

ಎಂಥ ಮಾತು! ಅದರಲ್ಲಿ ಕೆರೆ ಇದೆ, ಎಮ್ಮೆ ಇದೆ, ಒಬ್ಬ ಹೆಣ್ಣುಮಗಳ ಬಾಲ್ಯವಿದೆ. ಪುಸ್ತಕದಲ್ಲಿದ್ದ ಅಜ್ಜಿ ಮಾತ್ರ ಪರಿಸರ ದಿನಾಚರಣೆಯ ಭಾಷಣಕಾರರಂತೆ ಮಾತಾಡುತ್ತಿದ್ದರು. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಶಿಕ್ಷಕರೂ ಕೇಳಿಸಿಕೊಳ್ಳಲಿ. ಕೊಕ್ಕೆಯ ಹೊರಗೆ ನಿಮ್ಮ ಕನ್ನಡ ಎಷ್ಟು ಬೇಕಾದರೂ ಶುದ್ಧವಾಗಿರಲಿ. ಕೊಕ್ಕೆಯ ಒಳಗೆ ಕೆಂಪು ಶಾಯಿಗೆ ಅಧಿಕಾರವಿಲ್ಲ. ಅಜ್ಜಿ ‘ಐತೆ’ ಎಂದರೆ ಅಲ್ಲಿ ‘ಐತೆ’ ಎಂದೇ ಇರಬೇಕು. ಅದು ಕಾಗುಣಿತದ ತಪ್ಪಲ್ಲ, ಅದನ್ನು ‘ಇದೆ’ ಎಂದು ತಿದ್ದುವುದೇ ತಪ್ಪು. ಆ ಮಾತು ಬರೆಯಲು ಕಷ್ಟವೆನಿಸಿದರೆ ಕೊಕ್ಕೆ ತೆಗೆದು, ತಾವು ಎಮ್ಮೆ ಹೊಡೆದುಕೊಂಡು ಕೆರೆಗೆ ಹೋಗುತ್ತಿದ್ದುದಾಗಿ ಅಜ್ಜಿ ಹೇಳಿದರು ಎಂದು ಬರೆಯಲಿ, ಅದೂ ಸತ್ಯವೇ. ಪೂರ್ತಿ ಬೇಡವಾದರೆ ಬೇಕಾದಷ್ಟನ್ನೇ ಎತ್ತಿಕೊಳ್ಳಲಿ: ಕೆರೆ ಈಗಲೂ ಇದ್ದರೂ ಅದರ ನೀರು “ಮುಟ್ಟಂಗಿಲ್ಲ” ಎಂಬುದು ಅಜ್ಜಿಯ ಬೇಸರ.

ದೊಡ್ಡ ಲೇಖಕರೂ ಇದರ ಬಗ್ಗೆ ಬಹಳ ಯೋಚಿಸಿದ್ದಾರೆ. ಕನ್ನಡದ ಎಷ್ಟೋ ಕಥೆ ಕಾದಂಬರಿಗಳಲ್ಲಿ ಕಥೆ ಹೇಳುವವರ ಭಾಷೆ ಗ್ರಾಂಥಿಕ, ಕೊಕ್ಕೆಯ ಒಳಗಿನ ಹಳ್ಳಿಯವರ ಭಾಷೆ ಮಾತ್ರ ಆಡುಮಾತು. ಓದುತ್ತಾ ಹೋದರೆ ಆ ಕೊಕ್ಕೆ ಒಂದು ಬೇಲಿಯ ಹಾಗೆ, ಈಚೆ ಓದಿದವರು, ಆಚೆ ಓದದವರು ಎಂದು ಕಾಣಲೂಬಹುದು. ದೇವನೂರ ಮಹಾದೇವ ಅವರು ‘ಕುಸುಮಬಾಲೆ’ಯಲ್ಲಿ ಆ ಬೇಲಿಯನ್ನೇ ಕಿತ್ತರು. ಅಲ್ಲಿ ಕಥೆ ಹೇಳುವ ದನಿಯೂ ನಂಜನಗೂಡು, ಚಾಮರಾಜನಗರ ಸೀಮೆಯ ಆಡುಮಾತಿನಲ್ಲೇ ಹೇಳುತ್ತದೆ. 1990ರಲ್ಲಿ ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ‘ಐತೆ’ ಎಂದು ಬರೆದರೆ ಅಂಕ ಕಡಿಯುವವರು ಇದನ್ನು ನೆನಪಿಡಬಹುದು.

ಒಂಟಿ ಕೊಕ್ಕೆಯ ವಿಚಾರ ಎರಡೇ ಮಾತು. ಒಂದು ಪದವನ್ನೇ ಕೈಗೆತ್ತಿಕೊಂಡು ನೋಡುವಾಗ ಅದು ಬೇಕಾಗುತ್ತದೆ. ನಮ್ಮೂರ ಹೆಸರಿನ ‘ಅರೆ’ಯನ್ನೇ ನೋಡಿ, ಕನ್ನಡದಲ್ಲಿ ‘ಅರೆ’ ಎಂದರೆ ಅರ್ಧವೂ ಹೌದು, ಬಂಡೆಯೂ ಹೌದು. ಅದೇ ಒಂಟಿ ಕೊಕ್ಕೆಗೆ ಇನ್ನೊಂದು ಚೇಷ್ಟೆಯ ಗುಣವಿದೆ, ಹಾಗೆಂದು ಅವರು ಅನ್ನುತ್ತಾರೆ, ನಾನಂತೂ ಒಪ್ಪುವುದಿಲ್ಲ ಎಂಬ ಅರ್ಥವೂ ಅದಕ್ಕೆ ಬರುತ್ತದೆ. ಗುಂಡನ ‘ಹೊಟ್ಟೆನೋವು’ ಸ್ಕೂಲ್ ಬಸ್ ಹೋದ ಕೂಡಲೇ ವಾಸಿಯಾಯಿತು! ಇದು ತಿಳಿಯದೆ ಕೆಲವು ಅಂಗಡಿಯವರು ಬೋರ್ಡಿನಲ್ಲಿ ‘ಶುದ್ಧ’ ತುಪ್ಪ ಎಂದು ಅಂದಕ್ಕಾಗಿ ಕೊಕ್ಕೆ ಹಾಕಿಸುತ್ತಾರೆ. ಅದನ್ನು ಓದಿದ ಮೇಲೆ ನನಗೆ ಆ ತುಪ್ಪ ಕೊಳ್ಳಲು ಧೈರ್ಯ ಬರುವುದಿಲ್ಲ.

ಬೋರ್ಡಿನದು ನಗುವ ವಿಷಯ, ವಾಟ್ಸಾಪಿನದು ಹಾಗಲ್ಲ. ದಿನ ಬೆಳಗಾದರ ಗುಲಾಬಿ ಹೂವಿನ ಚಿತ್ರದ ಮೇಲೆ ಯಾರೋ ಹಿರಿಯರ ಹೆಸರು, ಕೊಕ್ಕೆಯೊಳಗೆ ಒಂದು ಹಿತವಚನ. ಅವರು ಯಾವ ಪುಸ್ತಕದಲ್ಲಿ, ಯಾವ ಸಭೆಯಲ್ಲಿ ಹಾಗೆಂದರು ಎಂದು ಕೇಳಿದರೆ ಕಳಿಸಿದವರಿಗೆ ಗೊತ್ತಿರುವುದಿಲ್ಲ. ಭಾಷಣ ಸ್ಪರ್ಧೆಗೆ ಮಕ್ಕಳು ಅದನ್ನೇ ಬಾಯಿಪಾಠ ಮಾಡಿ ಹೋಗುತ್ತಾರೆ. ಅಪ್ಪ ಅಮ್ಮಂದಿರೇ, ಪುಸ್ತಕ ತೆರೆದು ತೋರಿಸಲಾಗದ ಮಾತನ್ನು ದಯವಿಟ್ಟು ಕೊಕ್ಕೆಯೊಳಗೆ ಹಾಕಿಕೊಡಬೇಡಿ. ಕನ್ನಡದಲ್ಲಿ ಅದಕ್ಕೆಂದೇ ಪ್ರಾಮಾಣಿಕವಾದ ಒಂದು ಪ್ರತ್ಯಯ ಇದೆ, ‘ಅಂತೆ’. ‘ಅವರು ಹಾಗೆ ಹೇಳಿದ್ದರಂತೆ.’ ನಾನು ಕೇಳಿದ್ದಷ್ಟೇ, ಕಣ್ಣಾರೆ ಕಂಡಿಲ್ಲ, ಹೊಣೆ ನನ್ನದಲ್ಲ ಎಂದು ಎರಡೇ ಅಕ್ಷರದಲ್ಲಿ ಹೇಳಿಬಿಡುತ್ತದೆ. ಅಂತೆಕಂತೆಗಳ ಸಂತೆ ಎಂದು ನಾವು ಅದನ್ನು ಹಳಿಯುತ್ತೇವೆ, ಆದರೆ ಸುಳ್ಳು ಕೊಕ್ಕೆಗಿಂತ ಆ ‘ಅಂತೆ’ ಎಷ್ಟೋ ಮರ್ಯಾದಸ್ಥ.

ಹುಡುಗಿಯ ಪ್ರಾಜೆಕ್ಟ್ ಏನಾಯಿತು ಎಂದು ಕೇಳುತ್ತೀರೇನೋ. ಅವಳು ಆ ಪುಟವನ್ನು ಮತ್ತೆ ಬರೆದು, ಸಂಜೆ ಗೇಟಿಗೆ ಹೋಗಿ ಅಜ್ಜಿಗೆ ಓದಿ ಹೇಳಿದಳು. ಅಜ್ಜಿ ಕೇಳಿಸಿಕೊಂಡು, “ಎಮ್ಮೆ ಅಲ್ಲ ಕಣವ್ವ, ಎಮ್ಮೆಗೋಳು. ನಾಕಿದ್ವು” ಎಂದರಂತೆ. ಹುಡುಗಿ ಅಲ್ಲೇ ಪೆನ್ನು ತೆಗೆದು ಸರಿಮಾಡಿಕೊಂಡಳು.

ಈ ವಾರ ನಿಮಗೊಂದು ಕೆಲಸ. ಕೆಳಗಿನ ವಾಕ್ಯದಲ್ಲಿ ಒಂದೂ ಚಿಹ್ನೆ ಇಲ್ಲ.

ಅಜ್ಜಿ ನನ್ನ ಕನ್ನಡಕ ಎಲ್ಲಿ ಎಂದು ಕೇಳಿದಳು

ಒಂದು ಪದವನ್ನೂ ಬದಲಿಸದೆ, ಚಿಹ್ನೆಗಳನ್ನು ಮಾತ್ರ ಹಾಕಿ, ಇದನ್ನು ಮೂರು ರೀತಿ ಬರೆಯಿರಿ. ಒಂದರಲ್ಲಿ ಕಳೆದಿರುವುದು ಅಜ್ಜಿಯ ಕನ್ನಡಕ. ಇನ್ನೊಂದರಲ್ಲಿ ಅಜ್ಜಿಯನ್ನು ಕರೆದು ಕೇಳುತ್ತಿರುವ ಪುಟ್ಟಿಯದು. ಮೂರನೆಯದರಲ್ಲಿ ನನ್ನದು, ಅದನ್ನು ಹುಡುಕುತ್ತಿರುವವಳು ಅಜ್ಜಿ.